ಹೇರು ಬದಲಾಗುವ ಜಾಗ: ಗೇರುಸೊಪ್ಪೆಯ ಬಂದರು, ಘಟ್ಟದ ಮೇಲಿನ ಮಿಲ್ಲು

ಸಾಗರದಲ್ಲಿ ಹೊನ್ನಾವರದ ಬಸ್ಸು ಹತ್ತಿದರೆ ತಾಳಗುಪ್ಪ, ಮಾವಿನಗುಂಡಿ ದಾಟಿ ಘಟ್ಟ ಇಳಿಯಬೇಕು. ತಿರುವೆಲ್ಲ ಮುಗಿದು, ಸೆಕೆ ಶುರುವಾಗುವ ಹೊತ್ತಿಗೆ ಗೇರುಸೊಪ್ಪೆ ಬರುತ್ತದೆ. ಸಣ್ಣ ಪೇಟೆ. ಒಂದು ಕಡೆ ಶರಾವತಿ ಹೊಳೆ, ಇನ್ನೊಂದು ಕಡೆ ಕಾಡು. ಚಾ ಕುಡಿಯಲಿಕ್ಕೆ ಬಸ್ಸು ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ಸಮುದ್ರ ಇಲ್ಲಿಂದ ಇನ್ನೂ ಸುಮಾರು 30 ಕಿ.ಮೀ. ದೂರ.

ಈ ಊರು ಒಂದು ಕಾಲದಲ್ಲಿ ರಾಜಧಾನಿ ಆಗಿತ್ತು, ಜೊತೆಗೆ ಬಂದರೂ ಆಗಿತ್ತು ಎಂದರೆ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ನಂಬಿಕೆ ಬರುವುದು ಕಷ್ಟ. ಆದರೆ 16ನೇ ಶತಮಾನದ ಪೋರ್ಚುಗೀಸರಿಗೆ ಇದರ ಹೆಸರು ಚೆನ್ನಾಗಿ ಗೊತ್ತಿತ್ತು. ಜೋಗ ಜಲಪಾತವನ್ನು ಕೂಡ ಇಂಗ್ಲಿಷ್ ಪುಸ್ತಕಗಳು ಬಹಳ ಕಾಲ ಗೇರುಸೊಪ್ಪೆ ಜಲಪಾತ ಎಂದೇ ಕರೆದವು. ಜಲಪಾತ ಇರುವುದು ಮೇಲೆ, ಊರು ಇರುವುದು ಕೆಳಗೆ. ಆದರೂ ಹೆಸರು ಊರಿನದು. ಅಂದರೆ ಹೊರಗಿನವರಿಗೆ ಮೊದಲು ಗೊತ್ತಾದದ್ದು ಊರು, ಆಮೇಲೆ ಜಲಪಾತ.

ಸಮುದ್ರ ಕಾಣದ ಊರು ಬಂದರಾದದ್ದು ಹೇಗೆ? ಅಷ್ಟು ದೊಡ್ಡ ಊರು ಅಷ್ಟು ಬೇಗ ಕಾಡು ಪಾಲಾದದ್ದು ಯಾಕೆ? ಮಲೆನಾಡಿನ ಅಕ್ಕಿ ಮಿಲ್ಲು, ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳು ಈ ದಡದಲ್ಲಿ ಕೂರದೆ ಸಾಗರ, ಶಿವಮೊಗ್ಗ, ಭದ್ರಾವತಿಯಲ್ಲಿ ಹೋಗಿ ಕೂತದ್ದು ಯಾಕೆ? ಇವನ್ನು ಬೇರೆ ಬೇರೆ ಕಥೆಗಳಾಗಿ ಹೇಳುವುದೇ ರೂಢಿ. ನನಗೆ ಇದು ಒಂದೇ ಲೆಕ್ಕದ ಹಾಗೆ ಕಾಣುತ್ತದೆ. ಸಾಮಾನು ಎಲ್ಲಿ ಒಂದು ಸಾಗಾಟದಿಂದ ಇಳಿದು ಇನ್ನೊಂದಕ್ಕೆ ಏರುತ್ತದೋ ಅಲ್ಲಿ ಜನ ನಿಲ್ಲುತ್ತಾರೆ. ಜನ ನಿಂತಲ್ಲಿ ಪೇಟೆ, ಸುಂಕ, ದೇವಸ್ಥಾನ, ಅರಮನೆ. ಆ ಜಾಗ ಸರಿದರೆ ಊರೂ ಸರಿಯುತ್ತದೆ.

ದೋಣಿ ಎಲ್ಲಿಯ ತನಕ ಬರುತ್ತದೆ

ಮೊದಲು ಹೊಳೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹೊನ್ನಾವರದ ಅಳಿವೆಗೆ ಒಟ್ಟು 128 ಕಿ.ಮೀ. ನಮ್ಮ ನಾಡಿನ ದೊಡ್ಡ ಹೊಳೆಗಳ ಮುಂದೆ ಇದು ಪುಟ್ಟದೇ. ಈ 128 ಕಿ.ಮೀ.ಯಲ್ಲಿ ಸರಕು ದೋಣಿ ಓಡಲು ಆಗುತ್ತಿದ್ದದ್ದು ಕೊನೆಯ ತುಂಡಿನಲ್ಲಿ ಮಾತ್ರ. ಘಟ್ಟದ ಮೇಲೆ ಹೊಳೆಯಲ್ಲಿ ಬಂಡೆ ಜಾಸ್ತಿ. ಮಳೆಗಾಲದಲ್ಲಿ ಹುಚ್ಚು ನೀರು, ಬೇಸಿಗೆಯಲ್ಲಿ ಹಾರಿ ದಾಟುವಷ್ಟು ನೀರು. ಅಲ್ಲಿ ದೋಣಿ ಇದ್ದದ್ದು ಈ ದಡದಿಂದ ಆ ದಡಕ್ಕೆ ಹೋಗಲು, ಹೊಳೆಯ ಉದ್ದಕ್ಕೆ ಹೋಗಲು ಅಲ್ಲ. ಜೋಗದಲ್ಲಿ ನೀರು 253 ಮೀಟರ್ ಧುಮುಕುತ್ತದೆ. ಆಮೇಲೂ ಇಕ್ಕಟ್ಟಾದ ಕಣಿವೆ. ಗೇರುಸೊಪ್ಪೆಯ ಹತ್ತಿರ ಬಂದ ಮೇಲೆ ಕಣಿವೆ ಬಿಚ್ಚಿಕೊಳ್ಳುತ್ತದೆ, ಹೊಳೆ ಅಗಲವಾಗುತ್ತದೆ, ನೀರು ಸುಮ್ನೆ ಮಲಗಿದ ಹಾಗೆ ಕಾಣುತ್ತದೆ.

ಅಲ್ಲಿಂದ ಮುಂದೆ ಹೊಳೆಗೆ ಇಳಿಜಾರು ಇಲ್ಲವೆಂದೇ ಹೇಳಬಹುದು. ಇಳಿಜಾರು ಇಲ್ಲದಿದ್ದರೆ ಏನಾಗುತ್ತದೆ? ಸಮುದ್ರದಲ್ಲಿ ಉಬ್ಬರ ಬಂದಾಗ ನೀರು ಅಳಿವೆಯಿಂದ ಒಳಗೆ ನುಗ್ಗಿ ಹೊಳೆಯನ್ನು ಹಿಂದಕ್ಕೆ ದೂಡುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ನಡುವೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಪ್ರತಿದಿನ ಹೊತ್ತು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಮುಂದಕ್ಕೆ ಹೋಗುತ್ತದೆ. ದೋಣಿಯವನಿಗೆ ಈ ಲೆಕ್ಕ ಬಾಯಿಪಾಠ. ಉಬ್ಬರ ಏರುವಾಗ ಹೊನ್ನಾವರದಿಂದ ಹೊರಟರೆ ನೀರೇ ದೋಣಿಯನ್ನು ಒಳಗೆ ಕರೆದುಕೊಂಡು ಬರುತ್ತದೆ. ಸಾಮಾನು ತುಂಬಿಕೊಂಡು ಇಳಿತಕ್ಕೆ ಬಿಟ್ಟರೆ ನೀರೇ ಕೆಳಗೆ ಒಯ್ಯುತ್ತದೆ. ಜಲ್ಲೆ, ಹುಟ್ಟು, ಹಾಯಿ ಎಲ್ಲ ಇದ್ದವು, ಆದರೆ ಅರ್ಧ ಕೆಲಸ ಹೊಳೆಯದ್ದೇ.

ಈಗ ಘಟ್ಟದ ಮೇಲಿನ ಲೆಕ್ಕ ನೋಡಿ. ಮೇಲಿಂದ ಸಾಮಾನು ಬರುತ್ತಿದ್ದದ್ದು ಹೇರೆತ್ತಿನ ಮೇಲೆ. ಕಲ್ಲು, ಕೆಸರು, ಕಡಿದಾದ ಇಳಿಜಾರಿನಲ್ಲಿ ಗಾಡಿ ನಡೆಯುವುದಿಲ್ಲ. ಬೆನ್ನಿನ ಎರಡೂ ಕಡೆ ಚೀಲ ಹೇರಿದ ಎತ್ತು ಮಾತ್ರ ಇಳಿಯುತ್ತದೆ. ಒಂದು ಎತ್ತು ಹೊರುವುದು ಹೆಚ್ಚುಕಡಿಮೆ ಒಂದು ಕ್ವಿಂಟಾಲ್. ಹತ್ತು ಟನ್ ಹಿಡಿಸುವ ದೋಣಿ ದೊಡ್ಡದೇನೂ ಅಲ್ಲ. ಆದರೂ ಅದನ್ನು ತುಂಬಲು ನೂರು ಎತ್ತು ಬೇಕು. ನೂರು ಎತ್ತಿಗೆ ಹುಲ್ಲು, ನೀರು, ಹಿಂದೆ ನಡೆಯುವ ಆಳುಗಳಿಗೆ ಕೂಲಿ, ಊಟ, ರಾತ್ರಿ ಹುಲಿಯ ಭಯ. ದೋಣಿಗೆ ನಾಲ್ಕೈದು ಜನ ಸಾಕು. ಹಾಗಿರುವಾಗ ಎತ್ತಿನ ಮೇಲಿನ ಹೇರನ್ನು ಒಂದು ಮೈಲಿ ಜಾಸ್ತಿ ಯಾರು ನಡೆಸುತ್ತಾರೆ? ದೋಣಿ ಸಿಕ್ಕಿದ ಮೊದಲ ಜಾಗದಲ್ಲೇ ಇಳಿಸುತ್ತಾರೆ. ಆ ಮೊದಲ ಜಾಗ ಗೇರುಸೊಪ್ಪೆ.

ಗೇರುಸೊಪ್ಪೆಯಿಂದ ಇಳಿದ ಸಾಮಾನು ಹೊನ್ನಾವರದಲ್ಲಿ ಮಚವೆ ಎಂಬ ದೊಡ್ಡ ಹಾಯಿ ದೋಣಿಗೋ ಹಡಗಿಗೋ ಏರುತ್ತಿತ್ತು. ಹೊನ್ನಾವರದ ಅಳಿವೆಯ ಬಾಯಲ್ಲಿ ಮರಳು ದಿಬ್ಬ ಇದೆ. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಸಣ್ಣ ದೋಣಿ ಹೋಗಿ ಸಾಮಾನು ಕೊಟ್ಟು ಬರಬೇಕು. ಈ ದಿಬ್ಬ ಮುಂದೆ ಹೊನ್ನಾವರಕ್ಕೇ ಮುಳುವಾಯಿತು. ಹಾಯಿ ಹಡಗಿನ ಕಾಲದಲ್ಲಿ ಮಾತ್ರ ಹೇಗೋ ನಡೆಯುತ್ತಿತ್ತು.

ಮೆಣಸಿಗೆ ಮಿಲ್ಲು ಬೇಡ

ಮೇಲಿಂದ ಇಳಿಯುತ್ತಿದ್ದದ್ದು ಕಾಳುಮೆಣಸು, ಅಡಿಕೆ, ಏಲಕ್ಕಿ, ಅಕ್ಕಿ. ಕೆಳಗಿಂದ ಹತ್ತುತ್ತಿದ್ದದ್ದು ಉಪ್ಪು, ಒಣಮೀನು, ತೆಂಗಿನಕಾಯಿ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳೂ ಈ ಕರಾವಳಿಯ ಬಂದರುಗಳಿಗೆ ಬಂದು ಇಳಿಯುತ್ತಿದ್ದವು. ಹೊನ್ನಾವರ ಆಗಲೇ ಹಳೆಯ ಬಂದರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಅಲ್ಲಿಗೆ ಬಂದಿದ್ದ. ಹೆಣ್ಣುಮಕ್ಕಳ ಶಾಲೆಗಳು ಅಲ್ಲಿ ಇದ್ದವೆಂದು ಬರೆದಿಟ್ಟಿದ್ದಾನೆ.

ಈ ಎಲ್ಲದರಲ್ಲಿ ದುಡ್ಡು ಇದ್ದದ್ದು ಮೆಣಸಿನಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. 1552ರಿಂದ 1606ರ ತನಕ ಅವಳ ಆಳ್ವಿಕೆ ಎಂದು ಲೆಕ್ಕ ಹಾಕುತ್ತಾರೆ. 1569ರಲ್ಲಿ ಪೋರ್ಚುಗೀಸರು ಹೊನ್ನಾವರ ಹಿಡಿದು ಕೋಟೆ ಕಟ್ಟಿಕೊಂಡರು. ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ? ಹೊಳೆಯ ಬಾಯಿ ಅವರ ಕೈಯಲ್ಲಿ, ಹೊಳೆಯ ತಲೆ ರಾಣಿಯ ಕೈಯಲ್ಲಿ. ಒಬ್ಬರಿಗೆ ಹಡಗಿದೆ, ಮೆಣಸಿಲ್ಲ. ಇನ್ನೊಬ್ಬರಿಗೆ ಮೆಣಸಿದೆ, ಯುರೋಪಿಗೆ ಹೋಗುವ ಹಡಗಿಲ್ಲ. ಜಗಳ ಆಡುತ್ತಲೇ ವ್ಯಾಪಾರ ಮಾಡುವ ಸ್ಥಿತಿ.

ರಾಣಿಯ ಬಲ ಇದ್ದದ್ದು ಎಲ್ಲಿ ಎಂದು ತಿಳಿಯಲು ಮೆಣಸನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಬಳ್ಳಿಯಿಂದ ಕೊಯ್ದ ಹಸಿ ಮೆಣಸನ್ನು ಅಂಗಳದಲ್ಲಿ ಕಾಲಲ್ಲಿ ತುಳಿದು ಕಾಳು ಬಿಡಿಸುತ್ತೇವೆ. ಆಮೇಲೆ ಬಿಸಿಲಿಗೆ ಹರವುತ್ತೇವೆ. ಹಸಿರು ಹೋಗಿ ಕಪ್ಪಾಗುತ್ತದೆ, ಸಿಪ್ಪೆ ಸುಕ್ಕುಗಟ್ಟುತ್ತದೆ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ಮೂರು ಕಿಲೋ ಹಸಿ ಮೆಣಸಿಗೆ ಒಂದು ಕಿಲೋ ಒಣ ಮೆಣಸು. ಅಂದರೆ ತೂಕ ಇಳಿಯುವ ಕೆಲಸವೆಲ್ಲ ಬೆಳೆದವನ ಅಂಗಳದಲ್ಲೇ ಮುಗಿಯಿತು. ಮಿಲ್ಲು ಬೇಡ, ಒಲೆ ಬೇಡ. ಬಿಸಿಲು ಸಾಕು. ಚೆನ್ನಾಗಿ ಒಣಗಿದ್ದು ವರ್ಷಗಟ್ಟಲೆ ಕೆಡುವುದೂ ಇಲ್ಲ.

ಆಮೇಲೆ ಅದಕ್ಕೆ ಬೇಕಾದದ್ದು ಎರಡೇ: ನೆನೆಯದ ಒಂದು ಕೋಣೆ, ಕಾಯುವ ತಾಳ್ಮೆ. ಮಳೆಗಾಲದಲ್ಲಿ ಸಮುದ್ರ ಮುಚ್ಚುತ್ತದೆ. ನೂಲ ಹುಣ್ಣಿಮೆ ಕಳೆದ ಮೇಲೇ ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿಯುವುದು. ಯುರೋಪಿಗೆ ಹೋಗುವ ಹಡಗುಗಳು ಗಾಳಿ ನೋಡಿಕೊಂಡು ವರ್ಷಾರಂಭದ ಹೊತ್ತಿಗೆ ಹೊರಡಬೇಕು. ತಪ್ಪಿದರೆ ಆ ವರ್ಷದ ವ್ಯಾಪಾರ ಹೋಯಿತು. ಕಾಯಲು ಆಗದವನು ಹಡಗಿನವನು, ಕಾಯಬಲ್ಲವನು ಗೋದಾಮಿನವನು. ಗೇರುಸೊಪ್ಪೆ ಗೋದಾಮಿನ ಊರು. ಅದರ ಸಿರಿಗೆ ಇದೇ ಕಾರಣ ಎಂದು ನಾನು ತಿಳಿದಿದ್ದೇನೆ. ರಾಣಿಯ ಧೈರ್ಯ, ಶೌರ್ಯದ ಕಥೆಗಳು ಇರಲಿ, ಚೆನ್ನಾಗಿಯೇ ಇವೆ. ಆದರೆ ಒಣಗಿದ ಮೆಣಸಿಗೆ ಅವಸರವಿಲ್ಲ ಎಂಬುದೂ ಅಷ್ಟೇ ದೊಡ್ಡ ಆಯುಧ.

ಹಳೆಯ ಪಟ್ಟಣ ಇದ್ದ ಜಾಗಕ್ಕೆ ಈಗ ನಗರಬಸ್ತಿಕೇರಿ ಎಂದು ಹೆಸರು. ಕಾಡಿನ ನಡುವೆ ಕಲ್ಲಿನ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಬಂದರೂ ಒಳಗೆ ಜಿನಬಿಂಬ. ಇಂಥ ಬಸದಿ ಕಟ್ಟಿಸುವಷ್ಟು ದುಡ್ಡು ಈ ಕಣಿವೆಯ ಗದ್ದೆಗಳಿಂದ ಹುಟ್ಟಿದ್ದಲ್ಲ. ಗದ್ದೆಯ ಅಗಲ ನೋಡಿದರೇ ಗೊತ್ತಾಗುತ್ತದೆ.

ಹದಿನೇಳು ವರ್ಷದಲ್ಲಿ ಪಾಳು

1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ. ರಾಣಿಯನ್ನು ಇಕ್ಕೇರಿಯಲ್ಲಿ ಸೆರೆಯಲ್ಲಿಟ್ಟ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟಿದ್ದ. ಹೊನ್ನಾವರದಿಂದ ದೋಣಿಯಲ್ಲಿ ಹೊಳೆಯ ಮೇಲೆ ಬಂದ. ಶರಾವತಿಯ ಚೆಂದಕ್ಕೆ ಮನಸೋತು ಬರೆದಿದ್ದಾನೆ. ಆದರೆ ಗೇರುಸೊಪ್ಪೆಯಲ್ಲಿ ಅವನಿಗೆ ಕಂಡದ್ದು ಬಿದ್ದುಹೋದ ಅರಮನೆ, ಅದರ ಮೇಲೆ ಬೆಳೆದ ಮರ, ಕೆಲವು ಗುಡಿಸಲು. ರಾಜಧಾನಿ ಹೋಗಿ ಹದಿನೇಳೇ ವರ್ಷ.

ಯುದ್ಧದಲ್ಲಿ ಸೋತ ಊರುಗಳೆಲ್ಲ ಹೀಗೆ ಕಾಡಾಗುವುದಿಲ್ಲ. ಗೆದ್ದವರು ಅದೇ ಪೇಟೆಯಿಂದ ಸುಂಕ ಎತ್ತುತ್ತಾರೆ. ಇಲ್ಲಿ ಬೇರೆಯದೇ ಆಯಿತು. ಅದುವರೆಗೆ ಘಟ್ಟದ ಮೇಲೆ ಒಬ್ಬ ಒಡೆಯ, ಕೆಳಗೆ ಇನ್ನೊಬ್ಬಳು ಒಡತಿ. ಹೇರು ಕೈ ಬದಲಾಯಿಸಲು ಗೇರುಸೊಪ್ಪೆ ಗಡಿ. ಕೆಳದಿಯವರಿಗೆ ಮೇಲೂ ತಮ್ಮದೇ, ಕೆಳಗೂ ತಮ್ಮದೇ. ಯಾವ ಘಟ್ಟದಲ್ಲಿ ಇಳಿಸಿದರೂ ಸುಂಕ ಅವರಿಗೇ. ಮುಂದೆ ಅವರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಈಗ ನಗರ ಎಂದು ಕರೆಯುವ ಊರಿಗೆ ಹೋಯಿತು. ಬಿದನೂರಿಗೆ ಹತ್ತಿರ ಹೊಸಂಗಡಿ ಘಟ್ಟ. ಅದನ್ನು ಇಳಿದರೆ ಬಸರೂರು, ಕುಂದಾಪುರ. ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನೂ ಕಿತ್ತುಕೊಂಡ. ಕರಾವಳಿಯ ಬಾಗಿಲುಗಳೆಲ್ಲ ಒಂದೇ ಮನೆಯದಾದ ಮೇಲೆ ಗೇರುಸೊಪ್ಪೆಯ ಬಾಗಿಲನ್ನೇ ಬಳಸಬೇಕು ಎಂದೇನಿಲ್ಲ.

ಆದರೂ ದೋಣಿ ನಿಲ್ಲಲಿಲ್ಲ. ಕರಾವಳಿಯ ಅಕ್ಕಿ ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬಿಸುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಹೊನ್ನಾವರದಲ್ಲಿ ಯುದ್ಧದ ಹಡಗು ಕಟ್ಟಿಸಿದ. ಮೈಸೂರಿನವನಿಗೆ ಸಮುದ್ರದ ಆಸೆ ಹುಟ್ಟಿದ್ದು ಮಲೆನಾಡು ಕೈಗೆ ಬಂದ ಮೇಲೆ, ಇದನ್ನು ನಾವು ಅಷ್ಟಾಗಿ ನೆನಪಿಡುವುದಿಲ್ಲ.

ಮೂರರಲ್ಲಿ ಒಂದು ಪಾಲು ಸುಮ್ನೆ ಯಾಕೆ ಹೊರುವುದು

ನಿಜವಾದ ಪೆಟ್ಟು ರೈಲಿನದು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. 1940ರ ಹೊತ್ತಿಗೆ ಅದು ತಾಳಗುಪ್ಪ ಮುಟ್ಟಿತು. ಉತ್ತರದಲ್ಲಿ ಹುಬ್ಬಳ್ಳಿಯಿಂದ ಗೋವೆಯ ಮರ್ಮಗೋವಾಕ್ಕೆ ರೈಲು ಅದಕ್ಕೂ ಮೊದಲೇ ಓಡುತ್ತಿತ್ತು. ಉಗಿ ಹಡಗಿಗೆ ಆಳವಾದ ನೀರು ಬೇಕು. ಹೊನ್ನಾವರದ ಮರಳು ದಿಬ್ಬ ದಾಟಿ ಅದು ಒಳಗೆ ಬರುವ ಹಾಗಿಲ್ಲ. ಪಶ್ಚಿಮಕ್ಕೆ ಇಳಿಯುತ್ತಿದ್ದ ಮಲೆನಾಡಿನ ಸಾಮಾನು ಪೂರ್ವಕ್ಕೆ ತಿರುಗಿತು. ಹೇರು ಬದಲಾಗುವ ಜಾಗ ಹೊಳೆಯ ದಡದಿಂದ ಎದ್ದು ರೈಲ್ವೆ ಗೂಡ್ಸ್ ಶೆಡ್ಡಿಗೆ ಹೋಯಿತು. ಮಿಲ್ಲಿನ ಕಥೆ ಶುರುವಾಗುವುದು ಇಲ್ಲಿ.

ಮೆಣಸಿಗೂ ಭತ್ತಕ್ಕೂ ಒಂದು ವ್ಯತ್ಯಾಸ ಇದೆ. ಒಂದು ಕ್ವಿಂಟಾಲ್ ಭತ್ತ ಮಿಲ್ಲಿಗೆ ಹಾಕಿದರೆ ಸಿಗುವ ಅಕ್ಕಿ ಹೆಚ್ಚೆಂದರೆ 65–68 ಕಿಲೋ. ಇಪ್ಪತ್ತು ಕಿಲೋದ ಮೇಲೆ ಉಮಿ, ಉಳಿದದ್ದು ತೌಡು. ಭತ್ತವನ್ನೇ ರೈಲಿಗೆ ತುಂಬಿದರೆ ಮೂರರಲ್ಲಿ ಒಂದು ಪಾಲು ಬಾಡಿಗೆ ಉಮಿ, ತೌಡಿಗೆ ಕೊಟ್ಟ ಹಾಗೆ. ಆದ್ದರಿಂದ ಗಾಡಿಯಿಂದ ಇಳಿಸಿದ ಭತ್ತವನ್ನು ವ್ಯಾಗನ್ನಿಗೆ ಏರಿಸುವ ಮೊದಲು ಅಕ್ಕಿ ಮಾಡಬೇಕು. ಹಾಗಾಗಿ ಅಕ್ಕಿ ಮಿಲ್ಲುಗಳಿಗೆ ಸ್ಟೇಷನ್ನಿನ ಹತ್ತಿರವೇ ಒಳ್ಳೆಯ ಜಾಗ. ಉಮಿಯನ್ನೇ ಬಾಯ್ಲರಿಗೆ ಉರಿ ಹಾಕಿದರೆ ಸೌದೆಯ ಖರ್ಚೂ ಇಲ್ಲ.

ಇದೇ ಲೆಕ್ಕವನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಭದ್ರಾವತಿ. ಭದ್ರಾ ಹೊಳೆಯ ದಡದಲ್ಲಿದ್ದ ಬೆಂಕಿಪುರ ಎಂಬ ಸಣ್ಣ ಊರಿನಲ್ಲಿ 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಯ ಕೆಲಸ ಶುರು ಮಾಡಿತು. 1923ರಲ್ಲಿ ಕಬ್ಬಿಣ ಬಂತು. ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿಯಲ್ಲಿದೆ, ಹಾಗಾದರೆ ಕಾರ್ಖಾನೆ ಬೆಂಕಿಪುರದಲ್ಲಿ ಯಾಕೆ? ಅದಿರಿಗಿಂತ ದೊಡ್ಡ ತೊಂದರೆ ಇದ್ದಿಲು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಕಾಡಿನ ಮರ ಸುಟ್ಟ ಇದ್ದಿಲಿನಿಂದಲೇ ಅದಿರು ಕರಗಿಸಬೇಕು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಮರ ಹೋಗುತ್ತದೆ. ಅಷ್ಟು ಮರ ದೂರ ಒಯ್ಯುವುದು ಹುಚ್ಚುತನ. ಅದಿರನ್ನೇ ರೋಪ್‌ವೇಯಲ್ಲಿ ಗುಡ್ಡ ಇಳಿಸಿ, ಟ್ರಾಮ್ ಹಳಿಯ ಮೇಲೆ ತರುವುದು ಸುಲಭ. ಕಾಡು, ರೈಲು, ಹೊಳೆ ಮೂರೂ ಕೂಡುವ ಜಾಗ ಬೆಂಕಿಪುರ. ಹೊಳೆಯ ಕೆಲಸ ಇಲ್ಲಿ ಸಾಗಾಟ ಅಲ್ಲ, ಕುಲುಮೆ ತಣ್ಣಗಿಡುವುದು.

ಅಲ್ಲಿ ಮರವನ್ನು ಬಯಲಿನಲ್ಲಿ ಸುಡುತ್ತಿರಲಿಲ್ಲ. ಗಾಳಿಯಾಡದ ದೊಡ್ಡ ಕಬ್ಬಿಣದ ಕೊಠಡಿಗಳಲ್ಲಿ ಬೇಯಿಸುತ್ತಿದ್ದರು. ಇದ್ದಿಲು ಉಳಿಯುತ್ತಿತ್ತು. ಹೊಗೆಯನ್ನು ತಣಿಸಿ ಅದರಿಂದ ಮರದ ಸ್ಪಿರಿಟ್ಟು, ಅಸಿಟೇಟ್, ಟಾರು ತೆಗೆಯುತ್ತಿದ್ದರು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಕಬ್ಬಿಣಕ್ಕಿಂತ ಮುಂಚೆ ಮರದ ಮಾತು ಬರುತ್ತಿತ್ತು. ಇದ್ದಿಲಿನ ಕಬ್ಬಿಣದಲ್ಲಿ ಗಂಧಕ ಕಡಿಮೆ, ಗುಣಮಟ್ಟ ಒಳ್ಳೆಯದು. ಆದರೆ ಶುರುವಾದ ಹೊತ್ತಿಗೇ ಕಬ್ಬಿಣದ ಬೆಲೆ ಬಿದ್ದು ಕಾರ್ಖಾನೆ ನಷ್ಟದಲ್ಲಿ ಕೂತಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಸಿ 1923ರಿಂದ ಅದರ ಆಡಳಿತ ಒಪ್ಪಿಸಿದರು.

1936ರಲ್ಲಿ ಅದೇ ಊರಿನಲ್ಲಿ ಮೈಸೂರು ಪೇಪರ್ ಮಿಲ್ಸ್ ಹುಟ್ಟಿತು. ಬಿದಿರು ಮಲೆನಾಡಿನದು, ನೀರು ಭದ್ರೆಯದು. ಬಿದಿರನ್ನು ಬೇಯಿಸಿ ನಾರು ಮಾಡುವಾಗ ಅರ್ಧಕ್ಕಿಂತ ಜಾಸ್ತಿ ತೂಕ ಹೋಗುತ್ತದೆ. ಲೆಕ್ಕ ಮತ್ತೆ ಅದೇ. ಕಾಡು ಸವೆದಂತೆ, ಹೊರಗಿನ ಅಗ್ಗದ ಕಾಗದ ಬಂದಂತೆ ಆ ಲೆಕ್ಕ ತಪ್ಪತೊಡಗಿತು. ಸುಮಾರು 2015ರಿಂದ ಕಾಗದದ ಯಂತ್ರಗಳು ನಿಂತಿವೆ. ಭದ್ರಾವತಿಯ ಕಷ್ಟದ ಬಗ್ಗೆ ರಾಜಕೀಯದವರು ದಿನಾ ಮಾತಾಡುತ್ತಾರೆ. ಅಲ್ಲಿ ಕಾರ್ಖಾನೆ ಇಟ್ಟ ಕಾರಣವೇ ಕಾಡಿನ ಜೊತೆ ಕರಗಿತು ಎಂದು ಹೇಳುವವರು ಕಡಿಮೆ.

ಹಗ್ಗ ಇಲ್ಲದ ಹೇರು

ಈ ನಡುವೆ ಶರಾವತಿ ಇನ್ನೊಂದು ಕೆಲಸ ಹಿಡಿಯಿತು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಶುರುವಾಯಿತು. ಈಗಿನ ಮಹಾತ್ಮ ಗಾಂಧಿ ವಿದ್ಯುದಾಗಾರ ಅದು. ಅದಕ್ಕೆ ನೀರು ಹಿಡಿದದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1952ರ ಸುಮಾರಿಗೆ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಶರಾವತಿಯ ನೀರು ಭದ್ರಾವತಿಯ ಅದಿರು ಕರಗಿಸಿತು. ಎತ್ತು ಬೇಡ, ದೋಣಿ ಬೇಡ, ರೈಲೂ ಬೇಡ. ತಂತಿಯ ಮೇಲೆ ಹೋಗುವ ಹೇರಿಗೆ ತೂಕವೇ ಇಲ್ಲ.

ತೂಕವಿಲ್ಲದ ಶಕ್ತಿ ಬಂದ ಮೇಲೆ ಮಿಲ್ಲು ಸ್ಟೇಷನ್ನಿನ ಪಕ್ಕವೇ ಇರಬೇಕಿಲ್ಲ. ಹಳ್ಳಿಗೆ ಕರೆಂಟು ಬಂದರೆ ಮಿಲ್ಲೂ ಹಳ್ಳಿಗೆ ಬರುತ್ತದೆ. ನಮ್ಮ ಕಡೆ ಹೀಗೆ ಬಂದದ್ದು ಹಲ್ಲರ್ ಮಿಲ್ಲು. ತಗಡಿನ ಶೆಡ್ಡು, ಒಳಗೆ ಒಂದು ಮೋಟಾರು, ಪಟಪಟ ಬಡಿಯುವ ಉದ್ದ ಬೆಲ್ಟು, ಜೇಡರ ಬಲೆಯ ಮೇಲೂ ಬಿಳಿ ಧೂಳು. ಹಲ್ಲರಿನ ಕೆಲಸ ಸರಳ. ಮೇಲಿನ ಬಾಯಿಗೆ ಭತ್ತ ಸುರಿಯುತ್ತಾರೆ. ಒಳಗೆ ಗೀರು ಇರುವ ಕಬ್ಬಿಣದ ಉರುಳೆ ಜೋರಾಗಿ ಸುತ್ತುತ್ತದೆ. ಪಕ್ಕದಲ್ಲಿ ಒಂದು ಕಬ್ಬಿಣದ ಪಟ್ಟಿ, ಅದನ್ನು ಹತ್ತಿರ, ದೂರ ಮಾಡಬಹುದು. ಉರುಳೆಗೂ ಪಟ್ಟಿಗೂ ನಡುವೆ ಭತ್ತ ಒಂದಕ್ಕೊಂದು ಉಜ್ಜಿಕೊಂಡು ಸಿಪ್ಪೆ ಬಿಡುತ್ತದೆ. ಕೆಳಗಿನ ತೂತಿನ ತಗಡಿನಿಂದ ತೌಡು ಉದುರುತ್ತದೆ, ತುದಿಯ ಬಾಯಿಂದ ಅಕ್ಕಿ ಬರುತ್ತದೆ. ಪಟ್ಟಿ ಜಾಸ್ತಿ ಬಿಗಿ ಮಾಡಿದರೆ ಅಕ್ಕಿ ಬೆಳ್ಳಗಾಗುತ್ತದೆ, ನುಚ್ಚೂ ಜಾಸ್ತಿ. ಸಡಿಲ ಬಿಟ್ಟರೆ ಭತ್ತ ಉಳಿದುಕೊಳ್ಳುತ್ತದೆ. ಕೈಗೆ ಬಂದ ಅಕ್ಕಿಯನ್ನು ಅಂಗೈ ಮೇಲೆ ಹರವಿ ನೋಡಿ, ಪಟ್ಟಿಯ ತಿರುಪನ್ನು ಕಾಲು ಸುತ್ತು ತಿರುಗಿಸುವುದೇ ಮಿಲ್ಲಿನವರ ವಿದ್ಯೆ.

‘ತೌಡು ತಗಂಡು ಹೋಗ್ತೀಯನ ತಮ್ಮಾ, ಇಲ್ಲೇ ಬಿಡ್ತೀಯ?’ ಎಂದು ಕೇಳುತ್ತಿದ್ದರು. ಮನೆಯಲ್ಲಿ ಎಮ್ಮೆ ಇದ್ದವರು ಬಿಡುತ್ತಿರಲಿಲ್ಲ. ಆದರೆ ಹಲ್ಲರಿನಲ್ಲಿ ಉಮಿ ಪುಡಿಯಾಗಿ ತೌಡಿನ ಜೊತೆ ಸೇರಿಬಿಡುತ್ತದೆ. ರಬ್ಬರ್ ರೋಲಿನ ಹೊಸ ಯಂತ್ರದಲ್ಲಿ ಉಮಿ ಬೇರೆ, ತೌಡು ಬೇರೆ, ನುಚ್ಚೂ ಕಡಿಮೆ. 1958ರ ಅಕ್ಕಿ ಗಿರಣಿ ಕಾಯ್ದೆಯ ಕಾಲದಲ್ಲಿ ಲೈಸೆನ್ಸು ಇಲ್ಲದೆ ಮಿಲ್ಲು ನಡೆಸುವ ಹಾಗಿರಲಿಲ್ಲ. ಹಲ್ಲರ್ ಬಿಟ್ಟು ಹೊಸ ಯಂತ್ರ ಹಾಕಿ ಎಂದು ಸರ್ಕಾರ ಒತ್ತಾಯಿಸುತ್ತಲೇ ಇತ್ತು. 1997ರಲ್ಲಿ ಕಾಯ್ದೆಯೇ ಹೋಯಿತು. ಅಷ್ಟರಲ್ಲಿ ನಮ್ಮ ಕಡೆ ಗದ್ದೆಗಳು ಅಡಿಕೆ ತೋಟವಾಗತೊಡಗಿದ್ದವು. ಭತ್ತವೇ ಇಲ್ಲದಿದ್ದರೆ ಯಾವ ಯಂತ್ರ ಇದ್ದು ಏನು?

ಘಟ್ಟದ ಮೇಲೊಂದು ಸಮುದ್ರ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಸಾಗರ ಸೀಮೆಯವರಿಗೆ ಮಳೆಗಾಲದಲ್ಲಿ ಈ ಸಂಖ್ಯೆ ಕ್ರಿಕೆಟ್ ಸ್ಕೋರಿಗಿಂತ ಮುಖ್ಯ. ಸಾವಿರಾರು ಮನೆಗಳು ಮುಳುಗಿದವು. ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು, ನೀರು ತೀರ ಇಳಿದ ಬೇಸಿಗೆಯಲ್ಲಿ ಎದ್ದು ಕಾಣುತ್ತದೆ. ಎದ್ದು ಹೋದವರಲ್ಲಿ ಎಷ್ಟೋ ಜನರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ.

ಹೊಳೆಯ ಉದ್ದಕ್ಕೆ ದೋಣಿ ಓಡದಿದ್ದ ಕಡೆ ಈಗ ಲಾಂಚು ಓಡತೊಡಗಿತು. ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆ ಅದು ಹಿನ್ನೀರು ದಾಟಿಸುವ ಜಾಗಗಳು. ಬಸ್ಸು, ಲಾರಿ, ಬೈಕು, ಸಿಗಂದೂರಿಗೆ ಹೋಗುವ ಭಕ್ತರು ಎಲ್ಲರೂ ಒಂದೇ ಲಾಂಚಿನ ಮೇಲೆ. ಹಳೆಯ ಗೇರುಸೊಪ್ಪೆ ಹೇಗಿತ್ತು ಎಂದು ನೋಡಬೇಕಿದ್ದರೆ ಹೊಳೆಬಾಗಿಲಿನ ಸಾಲನ್ನು ನೋಡಿದ್ದರೆ ಸಾಕಿತ್ತು. ರಸ್ತೆ ಮುಗಿದು ನೀರು ಶುರುವಾಗುವ ಜಾಗ, ಕಾಯುವ ಜನ, ಕಾಯುವವರಿಗೆ ಚಾ, ಮಂಡಕ್ಕಿ, ಎಳನೀರು ಮಾರುವ ಅಂಗಡಿ. 2025ರ ಜುಲೈನಲ್ಲಿ ಅಲ್ಲೇ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿ.ಮೀ.ಗೂ ಉದ್ದದ ಸೇತುವೆ, ಕಾರಿನಲ್ಲಿ ದಾಟಲು ಕೆಲವೇ ನಿಮಿಷ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರು ದಶಕಗಟ್ಟಲೆ ಕೇಳಿ ಪಡೆದದ್ದು ಅದು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಲ್ಲದ ದಡದಲ್ಲಿ ಕೂತವರಿಗೆ ಅದರ ಬೆಲೆ ಗೊತ್ತು. ಯಾರೂ ನಿಲ್ಲದ ಮೇಲೆ ದಡದ ಅಂಗಡಿಗೆ ವ್ಯಾಪಾರ ಇಲ್ಲ ಎನ್ನುವುದೂ ಅಷ್ಟೇ ನಿಜ.

ಕೆಳಗೆ ಗೇರುಸೊಪ್ಪೆಯಲ್ಲಿ ಬೇರೆಯದೇ ಬದಲಾವಣೆ. ಲಿಂಗನಮಕ್ಕಿಯ ನೀರು ತಲಕಳಲೆಯ ಸಣ್ಣ ಜಲಾಶಯಕ್ಕೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಇಳಿದು 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ತಿರುಗಿಸುತ್ತದೆ. ಅದೇ ನೀರನ್ನು ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ಹಿಡಿದು ಇನ್ನೊಮ್ಮೆ 240 ಮೆಗಾವಾಟ್ ತೆಗೆಯುತ್ತಾರೆ. ಆಮೇಲೆ ಹೊಳೆಗೆ. ಹೀಗಾಗಿ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುತ್ತದೆ. ಉಬ್ಬರದ ಉಪ್ಪುನೀರಿಗೆ ಮೊದಲಿನ ಹಾಗೆ ಒಳಗೆ ಏರಲು ಆಗುವುದಿಲ್ಲ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿನ ಅಳಿವೆಯಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೇರಳ. ಶರಾವತಿಯ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ ಬಳಚೂ ಕಡಿಮೆಯಾಗಿದೆ. ಯಾವ ಉಬ್ಬರದ ಬಲದಿಂದ ಗೇರುಸೊಪ್ಪೆ ಬಂದರಾಯಿತೋ ಅದನ್ನು ಈಗ ಕರೆಂಟಿನ ಬೇಡಿಕೆ ಹಿಂದಕ್ಕೆ ದೂಡುತ್ತಿದೆ.

ಮುಂದಿನದು ಪಂಪ್ಡ್ ಸ್ಟೋರೇಜ್ ಯೋಜನೆ, 2000 ಮೆಗಾವಾಟ್. ಕರೆಂಟು ಅಗ್ಗವಾಗಿ ಸಿಗುವ ಹೊತ್ತಿನಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಇಂಥ ಯೋಜನೆಯಲ್ಲಿ ಎತ್ತಲು ಖರ್ಚಾಗುವಷ್ಟು ಕರೆಂಟು ಹಿಂದೆ ಬರುವುದಿಲ್ಲ. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದೋ ಎಂಬತ್ತೋ ಸಿಗುತ್ತದೆ. ಲಾಭ ಇರುವುದು ಹೊತ್ತಿನಲ್ಲಿ: ಅಗ್ಗದ ಹೊತ್ತಿನದನ್ನು ದುಬಾರಿ ಹೊತ್ತಿಗೆ ಮಾರುವುದು. ಮೆಣಸು ಕೂಡಿಟ್ಟು ಕಾಯುತ್ತಿದ್ದವರ ವ್ಯಾಪಾರವೇ ಇದು, ಸರಕು ಮಾತ್ರ ಬೇರೆ. ಸುರಂಗ ಹೋಗಬೇಕಿರುವುದು ಸಿಂಗಳೀಕದ ಅಭಯಾರಣ್ಯದ ಅಡಿಯಲ್ಲಿ. ಸಾಗರದಲ್ಲೂ ಹೊನ್ನಾವರದಲ್ಲೂ ವಿರೋಧ ಜೋರಾಗಿದೆ.

ಕಾಡಿನ ಪ್ರಶ್ನೆ ದೊಡ್ಡದು, ಅದನ್ನು ಕೇಳುವವರು ಇದ್ದಾರೆ. ಗೇರುಸೊಪ್ಪೆಯ ಲೆಕ್ಕದಿಂದ ನೋಡಿದರೆ ಇನ್ನೂ ಎರಡು ಪ್ರಶ್ನೆ ಉಳಿಯುತ್ತವೆ. ನೀರು ಮೇಲೆ ಕೆಳಗೆ ಓಡಾಡತೊಡಗಿದರೆ ಅಣೆಕಟ್ಟಿನ ಕೆಳಗಿನ ಹೊಳೆಗೆ ಯಾವ ಹೊತ್ತಿಗೆ, ಎಷ್ಟು ನೀರು ಬಿಡುತ್ತಾರೆ? ದಡದ ತೋಟದವರಿಗೂ ಅಳಿವೆಯ ಮೀನುಗಾರರಿಗೂ ಅದೇ ಮುಖ್ಯ. ಎರಡನೆಯದು ಕೂಲಿಯ ಮಾತು. ನೂರು ಎತ್ತಿನ ಹೇರು ಇಳಿದಾಗ ಈ ದಡದಲ್ಲಿ ಎಷ್ಟೋ ಕೈಗಳಿಗೆ ಕೆಲಸ ಇತ್ತು. ಸುರಂಗ ಅಗೆದು ಮುಗಿದ ಮೇಲೆ, ಹತ್ತಿ ಇಳಿಯುವ ನೀರಿಗೆ ಈ ಊರಿನ ಎಷ್ಟು ಜನ ಬೇಕಾಗುತ್ತಾರೆ?